ಟ್ಯಾಂಕಿನ ಮೇಲೆ ಬಾವುಟ, ಫಿಲ್ಟರಿನೊಳಗೆ ಧೂಳು!

ಗೆಳೆಯಾ, ನಿನ್ನ ಬೈಕನ್ನು ನಾನು ನೋಡಿದ್ದೇನೆ. ಟ್ಯಾಂಕಿನ ಮೇಲೆ ಹಳದಿ ಕೆಂಪು ಬಾವುಟ. ಹಿಂದಿನ ಮಡ್‌ಗಾರ್ಡಿನ ಮೇಲೆ ತಾಯಿ ಭುವನೇಶ್ವರಿ. ನವೆಂಬರ್ 1ರ ಮೆರವಣಿಗೆಯಲ್ಲಿ ನೀನೇ ಮುಂದೆ. ಸಂತೋಷ! ಆದರೆ ಅದೇ ಬೈಕು ಸರ್ಕಲ್ಲಿನಲ್ಲಿ ಕೆಮ್ಮಿ ನಿಂತಾಗ ಏನು ಮಾಡುತ್ತೀಯ? ಹತ್ತು ಸಲ ಸೆಲ್ಫ್ ಒತ್ತುತ್ತೀಯ. ಇಪ್ಪತ್ತು ಸಲ ಕಿಕ್ ಹೊಡೆಯುತ್ತೀಯ. ಆಮೇಲೆ ಶೋರೂಮಿಗೆ ತಳ್ಳಿಕೊಂಡು ಹೋಗಿ, ಅವರು ಇಂಗ್ಲಿಷಿನಲ್ಲಿ ಗೀಚಿದ ಜಾಬ್ ಕಾರ್ಡಿಗೆ ಓದದೆಯೇ ಸಹಿ ಹಾಕುತ್ತೀಯ.

ಆ ಸಹಿಯ ಬೆಲೆ ಎಷ್ಟು ಗೊತ್ತೇ? ನನಗೆ ಗೊತ್ತು. ನಾನು ತೆತ್ತಿದ್ದೇನೆ.

ವಾಡಿಯಲ್ಲಿ ಹತ್ತಿದ ದಮ್ಮು

ಕೆಲಸದ ಮೇಲೆ ಕಲಬುರಗಿಯಿಂದ ಹೊರಟು ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಸುತ್ತುವವನು ನಾನು. ಬೆಂಗಳೂರಿನ ಗೆಳೆಯರೇ, ಆ ರಸ್ತೆಗಳನ್ನು ನೀವು ನೋಡಿರಲಿಕ್ಕಿಲ್ಲ. ಆದರೆ ಅಲ್ಲಿನ ನೆಲ ನಿಮಗೆ ಗೊತ್ತು. ನಿಮ್ಮ ಅಜ್ಜನ ಮನೆಗೆ ಹಾಸಿದ ಶಹಾಬಾದ್ ಕಲ್ಲು ಅಲ್ಲಿಯದು. ವಾಡಿ, ಸೇಡಂ ಸೀಮೆಯ ಸುಣ್ಣದ ಕಲ್ಲು ಸುಟ್ಟು ಮಾಡಿದ ಸಿಮೆಂಟು ಊರೂರಿಗೆ ಹೋಗುತ್ತದೆ. ಕಲ್ಲು ನಿಮಗೆ ಬಂತು, ಸಿಮೆಂಟು ನಿಮಗೆ ಬಂತು. ಧೂಳು ಮಾತ್ರ ಅಲ್ಲೇ ಉಳಿಯಿತು!

ಆ ಧೂಳಿನಲ್ಲಿ ನನ್ನ ಹಳೆಯ ಕಾರ್ಬೊರೇಟರ್ ಗಾಡಿ ಸೊರಗತೊಡಗಿತು. ಪಿಕಪ್ ಇಲ್ಲ. ಆವರೇಜ್ ಇಳಿಯಿತು. ರೇಸ್ ಕೊಟ್ಟರೆ ಕಪ್ಪು ಹೊಗೆ. ನಗರದ ಒಂದು ಸರ್ವೀಸ್ ಸ್ಟೇಷನ್ನಿನಲ್ಲಿ ಏನೋ ಬರೆದರು, ಸಹಿ ಮಾಡಿಸಿಕೊಂಡರು, ಕಾರ್ಬೊರೇಟರನ್ನೇ ಬದಲಿಸಿದರು. ಸಾವಿರಗಟ್ಟಲೆ ಬಿಲ್ಲು! ವಾರ ಕಳೆಯುವುದರೊಳಗೆ ಮತ್ತೆ ಅದೇ ಹಾಡು.

ಕೊನೆಗೆ ವಾಡಿಯಲ್ಲಿ ಗಾಡಿ ನಿಂತೇ ಬಿಟ್ಟಿತು. ರಸ್ತೆ ಬದಿಯ ತಗಡಿನ ಶೆಡ್ಡು. ಮನೆಮಾತು ಉರ್ದುವಿನ ಒಬ್ಬ ಮಿಸ್ತ್ರಿ. “ಭಾಯಿ, ಗಾಡಿ ಎಳಿವಲ್ದು” ಅಂದೆ. ಆತ ಒಂದು ಸಲ ರೇಸ್ ಕೊಟ್ಟು ಕಿವಿಗೊಟ್ಟ. “ಗಾಡಿಗಿ ದಮ್ಮು ಹತ್ಯಾದ್ರಿ ಅಣ್ಣಾ. ಉಸರಾಡ್ಲಾಕ ಜಾಗಾನೇ ಇಲ್ಲ” ಅಂದ. ಪಕ್ಕದ ಡಬ್ಬಿ ಬಿಚ್ಚಿದ. ಏರ್ ಫಿಲ್ಟರ್ ಸಿಮೆಂಟಿನ ಗಟ್ಟಿಯಾಗಿ ಕೂತಿತ್ತು! ಹೊಸ ಫಿಲ್ಟರ್ ಹಾಕಿದ, ಮಸಿ ಹಿಡಿದ ಪ್ಲಗ್ ಉಜ್ಜಿದ. ಗಾಡಿ ಕುದುರೆಯಾಯಿತು. ಕಾರ್ಬೊರೇಟರ್ ಬದಲಿಸಿದವರು ಆ ಡಬ್ಬಿಯನ್ನು ತೆರೆದೇ ನೋಡಿರಲಿಲ್ಲ.

ಯೋಚಿಸು ಗೆಳೆಯಾ. ನನ್ನ ಗಾಡಿಯ ರೋಗವನ್ನು ಕನ್ನಡದಲ್ಲಿ ಹೇಳಿದವನು ಯಾರು? ಉರ್ದು ಮನೆಮಾತಿನ ಬಡ ಮಿಸ್ತ್ರಿ. ಹೇಳದೆ ಹೋದವರು ಯಾರು? ಎ.ಸಿ. ಕೋಣೆಯಲ್ಲಿ ಕೂತ ಅಚ್ಚ ಕನ್ನಡಿಗರು! ಇನ್ನು ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಏರ್ ಫಿಲ್ಟರಿನ ವಿಷಯ ಇರಲಿಲ್ಲವೇ? ಇತ್ತು. ಇಂಗ್ಲಿಷಿನಲ್ಲಿತ್ತು, ಹಿಂದಿಯಲ್ಲಿತ್ತು. ಕನ್ನಡದಲ್ಲಿ ಇರಲಿಲ್ಲ. ಅದನ್ನು ನಾನು ಕೇಳಿಯೂ ಇರಲಿಲ್ಲ. ಮೊದಲ ತಪ್ಪು ನನ್ನದೇ.

ಇಗೋ, ಕನ್ನಡದಲ್ಲೇ ಓದಿಕೋ

ಗಾಡಿ ಸರಿಯಾಗಿ ಓಡದಿದ್ದರೆ ಕಂಡದ್ದನ್ನೆಲ್ಲ ಬಿಚ್ಚಬೇಡ. ಮೊದಲು ಕೇಳಿಕೋ: ಯಾವಾಗ ಕಾಡುತ್ತದೆ? ತಣ್ಣಗಿದ್ದಾಗಲೋ, ಕಾದ ಮೇಲೋ, ಏರು ಹತ್ತುವಾಗಲೋ? ಉತ್ತರ ಸಿಕ್ಕರೆ ಅರ್ಧ ರೋಗ ಸಿಕ್ಕಂತೆ. ಒಂದು ಸಲಕ್ಕೆ ಒಂದನ್ನೇ ಸರಿ ಮಾಡು. ನಾಲ್ಕನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ವಾಸಿಯಾಯಿತು ಅಂತ ದೇವರಿಗೂ ತಿಳಿಯುವುದಿಲ್ಲ.

ಒಂದು, ಎಂಜಿನ್ನಿಗೆ ಬೈಯುವ ಮುಂಚೆ ಚಕ್ರ ನೋಡು. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸು. ಬಿಗಿ ಹಿಡಿದರೆ ಬ್ರೇಕ್ ಕಚ್ಚುತ್ತಿರಬಹುದು, ಚೈನ್ ಬಿಗಿಯಾಗಿರಬಹುದು. ಟೈರಿನ ಗಾಳಿ ಪರೀಕ್ಷಿಸು. ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ.

ಎರಡು, ಗಾಳಿ. ಫಿಲ್ಟರ್ ಕಟ್ಟಿದರೆ ಗಾಳಿ ಕಡಿಮೆ, ಪೆಟ್ರೋಲು ಜಾಸ್ತಿ. ಅದಕ್ಕೇ ಕಪ್ಪು ಹೊಗೆ. ಸ್ಪಂಜಿನ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ತುಸು ಎಣ್ಣೆ ಸವರಬಹುದು. ಎಣ್ಣೆ ಹೀರಿದ ಕಾಗದದ ಫಿಲ್ಟರನ್ನು ತೊಳೆಯಲೂ ಬಾರದು, ಗಾಳಿ ಹೊಡೆಯಲೂ ಬಾರದು, ಬದಲಿಸಬೇಕು ಅಷ್ಟೆ. ಕಂಪನಿ ಹೇಳಿದ ಕಿಲೋಮೀಟರ್ ಒಳ್ಳೆಯ ರಸ್ತೆಗೆ. ಗಣಿಯ ರಸ್ತೆಯಲ್ಲಿ ಓಡಾಡುವವನು ಅದಕ್ಕೂ ಮುಂಚೆ ಬದಲಿಸಬೇಕು.

ಮೂರು, ಪೆಟ್ರೋಲು. ಸ್ವಲ್ಪ ದೂರ ಚೆನ್ನಾಗಿ ಓಡಿ ನಿಲ್ಲುತ್ತದೆಯೇ? ಟ್ಯಾಂಕಿನ ಮುಚ್ಚಳ ತೆಗೆ. ತೆಗೆದ ಮೇಲೆ ಸ್ಟಾರ್ಟ್ ಆದರೆ ಮುಚ್ಚಳದ ಸಣ್ಣ ಗಾಳಿಕಂಡಿ ಕಟ್ಟಿದೆ. ಅದೂ ಧೂಳಿನದೇ ಕೆಲಸ! ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಂತ ಗಾಡಿ ಮುಲುಗಿದರೆ ಹಳೆಯ ಪೆಟ್ರೋಲಿನ ಮೇಲೂ ಅನುಮಾನ ಇರಲಿ.

ನಾಲ್ಕು, ಕಿಡಿ. ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚು. ಅದರ ತುದಿ ಕಾಫಿ ಬಣ್ಣದ್ದಾದರೆ ಆರೋಗ್ಯ. ಒಣ ಮಸಿಯಾದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಇಲ್ಲವೇ ಎಂಜಿನ್ ಅತಿಯಾಗಿ ಕಾಯುತ್ತಿದೆ. ಎಣ್ಣೆ ಜಿಡ್ಡಾದರೆ ಒಳಗಿನ ರಿಂಗೋ ವಾಲ್ವಿನ ಸೀಲೋ ಸವೆದಿರಬಹುದು. ಅಲ್ಲಿಗೆ ನಿನ್ನ ಕೆಲಸ ಮುಗಿಯಿತು, ಮಿಸ್ತ್ರಿಯ ಕೆಲಸ ಶುರು.

ಏಪ್ರಿಲ್ 2020ರಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಬಹುಪಾಲು ಗಾಡಿಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆರದೆ ಉಳಿದರೆ ವೈರು ಕೀಳಲು ಹೋಗಬೇಡ. ಅದರ ಕೋಡ್ ಓದುವ ಯಂತ್ರ ಇರುವಲ್ಲಿಗೆ ಹೋಗು. ಆದರೆ ಆ ದೀಪ ಏನು ಹೇಳುತ್ತಿದೆ ಅಂತ ನಿನಗೆ ತಿಳಿಸಬೇಕಾದದ್ದು ಯಾವುದು? ಕೈಪಿಡಿ! ಅದು ಯಾವ ಭಾಷೆಯಲ್ಲಿದೆ?

ಮಳಖೇಡದ ನೆಲದಲ್ಲಿ ಈ ಗತಿ!

“ತಾಂತ್ರಿಕ ವಿಷಯವನ್ನು ಕನ್ನಡದಲ್ಲಿ ಹೇಳಲಿಕ್ಕೆ ಬರೋದಿಲ್ಲ ಸಾರ್” ಅಂತಾರೆ. ಬರೋದಿಲ್ಲವೇ? ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋಗಿ ನಿಂತು ಈ ಮಾತು ಹೇಳಲಿ ನೋಡೋಣ. ಅದು ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದ ಶ್ರೀವಿಜಯ 9ನೇ ಶತಮಾನದಲ್ಲಿ ‘ಕವಿರಾಜಮಾರ್ಗ’ ಬರೆದದ್ದು ಆ ಅರಸನ ನೆರಳಿನಲ್ಲಿ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಅದು. ಅದರಲ್ಲಿ ಏನಿದೆ? ಕಾವ್ಯದಲ್ಲಿ ದೋಷ ಯಾವುದು, ಗುಣ ಯಾವುದು, ದೋಷವನ್ನು ಗುರುತಿಸುವುದು ಹೇಗೆ ಅನ್ನುವ ವಿಚಾರವಿದೆ. ಸಾವಿರದ ನೂರು ವರ್ಷಗಳ ಹಿಂದೆ ದೋಷ ಹುಡುಕುವ ಶಾಸ್ತ್ರವನ್ನು ಕನ್ನಡದಲ್ಲಿ ಬರೆದ ನೆಲದಲ್ಲಿ, ಇವತ್ತು ಒಂದು ಬೈಕಿನ ದೋಷ ಹೇಳಲು ಕನ್ನಡ ಸಾಲದೇ?

‘ಪ್ಲಗ್’ ಅನ್ನುವುದಕ್ಕೆ ಬಾಯಿ ಮುರಿಯುವ ಹೊಸ ಪದ ಕಟ್ಟಿ ಅಂತ ಯಾರೂ ಕೇಳುತ್ತಿಲ್ಲ. ಪ್ಲಗ್ ಪ್ಲಗ್ಗೇ ಇರಲಿ, ಕ್ಲಚ್ ಕ್ಲಚ್ಚೇ ಇರಲಿ. ವಾಕ್ಯ ಕನ್ನಡದ್ದಾಗಿರಲಿ! ವಾಡಿಯ ಮಿಸ್ತ್ರಿಗೆ ಸಾಧ್ಯವಾದದ್ದು ಕೋಟಿಗಟ್ಟಲೆ ವಹಿವಾಟಿನವರಿಗೆ ಯಾಕೆ ಸಾಧ್ಯವಿಲ್ಲ?

ಬೈಕು ನಮಗೆ ಪರದೇಶಿ ಸರಕೂ ಅಲ್ಲ. 1996ರಲ್ಲಿ ಬಾಗಿಲು ಹಾಕುವವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ಯೆಜ್ಡಿಗಳನ್ನು ದೇಶಕ್ಕೆಲ್ಲ ಕೊಟ್ಟಿತು. ಇವತ್ತೂ ಮೈಸೂರಿನಲ್ಲಿ, ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದ್ವಿಚಕ್ರ ವಾಹನ ತಯಾರಾಗುತ್ತವೆ. ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಅಂತ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಹೇಳುತ್ತದೆ. ಉಪ್ಪಿನಕಾಯಿ ಬಾಟಲಿಗೆ ಬೇಕಾದ ಕನ್ನಡ, ಜೀವ ಹೊತ್ತು ಓಡುವ ಯಂತ್ರಕ್ಕೆ ಬೇಡವೇ?

ಇದು ಬರೀ ಅಭಿಮಾನದ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆ. ಚಿತ್ತಾಪುರದ ಹಳ್ಳಿಯಿಂದ ಸಿಮೆಂಟ್ ಕಾರ್ಖಾನೆಯ ಪಾಳಿಗೆ ಬೈಕಿನಲ್ಲಿ ಹೋಗುವ ಗುತ್ತಿಗೆ ಕೂಲಿಗೆ ಗಾಡಿ ನಿಂತರೆ ಆ ದಿನದ ಕೂಲಿ ಹೋಯಿತು. ಚಿಂಚೋಳಿಯ ಕಾಡಿನ ಏರಿನಲ್ಲಿ ರಾತ್ರಿ ಬ್ರೇಕ್ ಕಚ್ಚಿ ನಿಂತವನಿಗೆ ಮಿಸ್ತ್ರಿ ಎಲ್ಲಿ ಸಿಗಬೇಕು? ಅವನಿಗೆ ಓದಲು ಬರುತ್ತದೆ, ಕನ್ನಡ ಬರುತ್ತದೆ. ಅವನ ದುಡ್ಡು ಎಣಿಸಿಕೊಂಡವರು ಅವನ ಭಾಷೆಯಲ್ಲಿ ನಾಲ್ಕು ಸಾಲು ಬರೆದುಕೊಡಲಿಲ್ಲ!

ಹಾಗಾದರೆ ಏನು ಮಾಡಬೇಕು? ಶೋರೂಮಿನ ಗಾಜು ಒಡೆಯಬೇಡ. ಗಾಜು ಒಡೆದರೆ ಕೇಸು ನಿನಗೆ, ವಿಮೆಯ ದುಡ್ಡು ಅವರಿಗೆ. ಹೊಸ ಗಾಡಿ ಕೊಳ್ಳುವ ದಿನ ಕೀಲಿ ಇಸಿದುಕೊಳ್ಳುವ ಮೊದಲು ಕನ್ನಡದ ಕೈಪಿಡಿ ಕೇಳು. ಇಲ್ಲ ಅಂದರೆ ಕಂಪನಿಗೆ ಕನ್ನಡದಲ್ಲೇ ಪತ್ರ ಬರೆ, ಪ್ರತಿ ಇಟ್ಟುಕೋ. ಜಾಬ್ ಕಾರ್ಡಿಗೆ ಓದದೆ ಸಹಿ ಹಾಕಬೇಡ, “ಏನು ಬದಲಿಸುತ್ತೀರಿ, ಯಾಕೆ? ಕನ್ನಡದಲ್ಲಿ ಬರೆಯಿರಿ” ಅನ್ನು. ತೆಗೆದ ಹಳೆಯ ಪಾರ್ಟನ್ನು ಕೈಗೆ ಕೊಡಿಸಿಕೋ. ನಿನ್ನ ಓಣಿಯ ಮಿಸ್ತ್ರಿ ಹೇಳಿದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡು. ಕಂಪನಿ ಕೊಡುವವರೆಗೆ ಅದೇ ನಮ್ಮ ಕೈಪಿಡಿ. ತಂಗೀ, ಸ್ಕೂಟರ್ ಓಡಿಸುವ ನಿನಗೂ ಈ ಮಾತು.

ಬಾವುಟ ಟ್ಯಾಂಕಿನ ಮೇಲೇ ಹಾರಾಡಲಿ. ಆದರೆ ನಾಳೆ ಬೆಳಿಗ್ಗೆ ಅದನ್ನು ಒರೆಸುವ ಮುಂಚೆ ಪಾನಾ ಹಿಡಿದು ಫಿಲ್ಟರಿನ ಡಬ್ಬಿ ತೆರೆ. ಒಳಗೆ ಏನು ಕೂತಿದೆ ಅಂತ ಒಂದು ಸಲ ನೋಡು!