ಕಣ್ಣೀರಿನ ನಾಳದ ಆಪರೇಶನ್: ಮಾತ್ರೆಯ ಸಂಗತಿ ಮುಚ್ಚಿಡಬಾರದು

ಪ್ರಾಯವಾದವರ ಕಣ್ಣಿನಿಂದ ಸದಾ ನೀರು ಸುರಿಯುತ್ತಿದ್ದರೆ ‘ಅದು ಪ್ರಾಯದ ದೋಷ’ ಎಂದು ನಾವು ಸುಮ್ಮನಿರುತ್ತೇವೆ. ಇದು ಸರಿಯಲ್ಲ. ಕಣ್ಣೀರು ಕಣ್ಣಿನ ಮೂಲೆಯ ಸಣ್ಣ ಚೀಲಕ್ಕೆ ಇಳಿದು, ಅಲ್ಲಿಂದ ನಾಳದ ಮೂಲಕ ಮೂಗಿಗೆ ಹರಿಯುತ್ತದೆ. ನಾಳ ಕಟ್ಟಿಕೊಂಡರೆ ಚೀಲದಲ್ಲಿ ಕೀವು ತುಂಬುತ್ತದೆ. ಅಂಥ ಕಣ್ಣಿಗೆ ಕೊಯ್ಲಿನ ಸಮಯದಲ್ಲಿ ಭತ್ತದ ಎಲೆ ತಗಲಿದರೆ ಸಣ್ಣ ಗಾಯವೂ ಹುಣ್ಣಾಗಿ ದೃಷ್ಟಿ ಹೋಗಬಹುದು. ಪೊರೆಯ ಆಪರೇಶನಿಗೆ ಮೊದಲು ವೈದ್ಯರು ಈ ನಾಳವನ್ನು ಪರೀಕ್ಷಿಸುವುದೂ ಇದಕ್ಕಾಗಿಯೇ.

ಕಟ್ಟಿದ ನಾಳಕ್ಕೆ ಬದಲಾಗಿ ಮೂಗಿನ ಎಲುಬಿನಲ್ಲಿ ಹೊಸ ದಾರಿ ಮಾಡುವ ಆಪರೇಶನನ್ನು 1904ರಲ್ಲಿ ಇಟಲಿಯ ಟೋಟಿ ಎಂಬ ವೈದ್ಯರು ವಿವರಿಸಿದರು. ಮೂಗಿನ ಒಳಪದರದಲ್ಲಿ ರಕ್ತನಾಳಗಳು ಹೆಚ್ಚು. ಆದುದರಿಂದ ಇಲ್ಲಿ ರಕ್ತಸ್ರಾವದ ಭಯ ಸಾಮಾನ್ಯ ಪೊರೆಯ ಆಪರೇಶನಿಗಿಂತ ಅಧಿಕ.

ಹೃದಯದ ಕಾಯಿಲೆಗೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರ ಪ್ರಶ್ನೆ ಬರುವುದು ಇಲ್ಲಿಯೇ. ಈ ಮಾತ್ರೆಗಳಲ್ಲಿ ಒಂದಾದ ವಾರ್ಫರಿನ್‌ನ ಶಕ್ತಿಯನ್ನು ಕೃಷಿಕರಿಗೆ ವಿವರಿಸಬೇಕಾಗಿಲ್ಲ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಹಾಳಾದ ಒಂದು ಬಗೆಯ ಒಣಹುಲ್ಲು ತಿಂದ ದನಗಳು ಕೊಂಬು ಕತ್ತರಿಸಿದ ಗಾಯದಿಂದಲೇ ರಕ್ತ ಸುರಿದು ಸತ್ತವು. ಆ ಹುಲ್ಲಿನ ಅಧ್ಯಯನದಿಂದ ಬಂದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಯಿತು, 1954ರಿಂದ ಮನುಷ್ಯರಿಗೆ ಮದ್ದಾಯಿತು. ನಾವು ತೋಟದಲ್ಲಿ ಇಲಿಗಳಿಗೆ ಇಡುವ ಬ್ರೋಮಾಡಿಯೋಲೋನ್ ಕೂಡ ಇದೇ ಕುಟುಂಬದ್ದು. ಮನುಷ್ಯನನ್ನು ಉಳಿಸುವುದು ಅಳತೆ ಮಾತ್ರ.

ನಮ್ಮಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಆಪರೇಶನ್ ಮುಂದೆ ಹೋದೀತೆಂದು ಕೆಲವರು ಮಾತ್ರೆಯ ಸಂಗತಿಯನ್ನೇ ಹೇಳುವುದಿಲ್ಲ. ಇನ್ನು ಕೆಲವರು ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸುತ್ತಾರೆ. ಎರಡನೆಯದು ಹೆಚ್ಚು ಅಪಾಯಕರವೆಂದೇ ನಮ್ಮ ಅಭಿಪ್ರಾಯ. ಮೂಗಿನ ರಕ್ತವನ್ನು ವೈದ್ಯರು ಹೆಚ್ಚಾಗಿ ತಡೆಯಬಲ್ಲರು. ಆದರೆ ಕೃತಕ ಕವಾಟದಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋದರೆ ಪಾರ್ಶ್ವವಾಯು, ಮರಣವೂ ಸಂಭವಿಸಬಹುದು.

ನೆರೆಮನೆಯವರ ಲೆಕ್ಕ ನಮಗೆ ಹೊಂದುವುದಿಲ್ಲ. ಆಸ್ಪಿರಿನ್‌ನ ಪರಿಣಾಮ ಇಳಿಯಲು ಏಳರಿಂದ ಹತ್ತು ದಿನ ಬೇಕು. ವಾರ್ಫರಿನನ್ನು ನಿಲ್ಲಿಸುವುದಾದರೆ ಸಾಮಾನ್ಯವಾಗಿ ಐದು ದಿನ ಮೊದಲು. ಹೊಸ ಮಾತ್ರೆಗಳಲ್ಲಿ ಕೆಲವು ಒಂದೆರಡು ದಿನಗಳಲ್ಲೇ ಇಳಿಯುತ್ತವೆ, ಮೂತ್ರಪಿಂಡ ದುರ್ಬಲವಾಗಿದ್ದರೆ ತಡವಾಗುತ್ತದೆ. ಹೃದಯದ ರಕ್ತನಾಳಕ್ಕೆ ಇತ್ತೀಚೆಗೆ ಸ್ಟೆಂಟ್ ಹಾಕಿಸಿದವರು ಆಪರೇಶನನ್ನೇ ಮುಂದೂಡಬೇಕಾದೀತು. ಕೆಲವರಿಗೆ ಮಾತ್ರೆ ನಿಲ್ಲಿಸದೆಯೇ ಆಪರೇಶನ್ ಮಾಡುವುದುಂಟು. ನಿರ್ಧಾರ ಹೃದಯದ ವೈದ್ಯರು ಮತ್ತು ಕಣ್ಣಿನ ವೈದ್ಯರು ಸೇರಿ ಮಾಡತಕ್ಕದ್ದು.

ಕಾಸರಗೋಡಿನ ನಮಗೆ ಇನ್ನೊಂದು ತೊಡಕಿದೆ. ಹೃದಯಕ್ಕೆ ಮಂಗಳೂರು, ಕಣ್ಣಿಗೆ ಊರಿನ ಆಸ್ಪತ್ರೆ ಎಂದಾದಾಗ ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಚೀಟಿ ಇಂಗ್ಲಿಷಿನಲ್ಲಿ, ಬಾಯಿಮಾತು ಮಲಯಾಳದಲ್ಲಿ. ಕನ್ನಡ ಮಾತ್ರ ಓದಬಲ್ಲ ಅಜ್ಜನಿಗೆ ಏನು ಉಳಿಯಿತು? ಆದುದರಿಂದ ಮಾತ್ರೆಯ ಪೊಟ್ಟಣಗಳನ್ನೇ ಕೊಂಡೊಯ್ಯೋಣ. ನಿಲ್ಲಿಸುವ ದಿನ, ಪುನಃ ಸುರುಮಾಡುವ ದಿನ, ಈ ಎರಡನ್ನೂ ಕೇಳಿ ಕನ್ನಡದಲ್ಲಿ ಬರೆದು ಮನೆಯ ಕ್ಯಾಲೆಂಡರಿನಲ್ಲಿ ಗುರುತಿಸೋಣ. ಪುನಃ ಸುರುಮಾಡಲು ಮರೆಯುವುದೂ ನಿಲ್ಲಿಸಿದಷ್ಟೇ ಅಪಾಯ.

ಆಪರೇಶನಿನ ಬಳಿಕ ಮೂಗು ಸೀಟಬಾರದು, ಭಾರ ಎತ್ತಬಾರದು, ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು. ರಕ್ತ ನಿಲ್ಲದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಅಜ್ಜ ಅಜ್ಜಿಯರ ಮದ್ದಿನ ಡಬ್ಬಿಯನ್ನು ಮನೆಯ ಯುವಕರು ಇಂದೇ ಒಮ್ಮೆ ತೆರೆದು ನೋಡಲಿ.