ಸಾಲ ವರದಿಯು ಸಾಲಗಾರನಿಗೂ ತಿಳಿಯುವಂತಾಗಬೇಕೆಂಬ ಮನವಿ

ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು, ಬ್ಯಾಂಕುಗಳ ಜಿಲ್ಲಾ ಸಮಾಲೋಚನಾ ಸಮಿತಿ, ಹಾಸನ, ಇವರ ಸನ್ನಿಧಾನಕ್ಕೆ ಹಾಸನ ತಾಲ್ಲೂಕು ಕೊರವಂಗಲದ ಗ್ರಾಮಸ್ಥರು ಸವಿನಯವಾಗಿ ಸಲ್ಲಿಸುವ ಮನವಿ.

ಮಾನ್ಯರೇ,

ಮುಂಗಾರಿಗೆ ಮುನ್ನ ಜಲಂಧರದಿಂದ ಹಾಸನದ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಬಂದಿಳಿಯುವ ಬಿತ್ತನೆ ಆಲೂಗಡ್ಡೆಯನ್ನು ಸಕಾಲದಲ್ಲಿ ಕೊಳ್ಳಲೇಬೇಕಾದ ನಮ್ಮ ಸೀಮೆಯ ರೈತನಿಗೆ, ಸಾಲವು ಹದಿನೈದು ದಿನ ತಡವಾದರೆ ಭೂಮಿಯ ಹದವೇ ತಪ್ಪಿಹೋಗುವುದೆಂಬುದು ತಮಗೆ ಅವಿದಿತವಲ್ಲ. ಅಂಥ ವೇಳೆಯಲ್ಲಿ ಪಹಣಿ, ಆಧಾರ್, ಪಾಸ್‌ಬುಕ್ಕುಗಳನ್ನು ಜೋಡಿಸಿಕೊಂಡು ಬ್ಯಾಂಕಿನ ಮೇಜಿನ ಮುಂದೆ ನಿಂತವನಿಗೆ "ನಿಮ್ಮ ಸಿಬಿಲ್ ಸರಿಯಿಲ್ಲ" ಎಂಬ ಒಂದೇ ಉತ್ತರ ದೊರೆಯುತ್ತದೆ. ಯಾವ ಸಾಲದ, ಯಾವ ಕಂತಿನ ದೆಸೆಯಿಂದ ಸರಿಯಿಲ್ಲವೆಂಬುದನ್ನು ತಿಳಿಸುವವರಿಲ್ಲ, ಗಣಕಯಂತ್ರದ ಪರದೆಯೋ ಅಧಿಕಾರಿಯ ಕಡೆಗೇ ತಿರುಗಿರುತ್ತದೆ.

ಸಾಲದ ಮಾಹಿತಿ ಸಂಸ್ಥೆಗಳನ್ನು ಕುರಿತ 2005ರ ಅಧಿನಿಯಮದ ಮೇರೆಗೆ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ನಮ್ಮ ಸಾಲ, ಕಂತು, ಜಾಮೀನುಗಳ ಚರಿತ್ರೆಯನ್ನು ಸಂಗ್ರಹಿಸಿ 300ರಿಂದ 900ರವರೆಗೆ ಅಂಕವೀಯುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಅಡವಿಡಲು ಒಡವೆಯಿಲ್ಲದೆ, ಸಂಘದ ಸಾಲದ ಕಂತನ್ನು ವಾರವೂ ತಪ್ಪದೆ ಕಟ್ಟಿದ ಹೆಣ್ಣುಮಗಳಿಗೆ ಆ ದಾಖಲೆಯೇ ಆಸ್ತಿ. ಆದರೆ ಅಂಗಮಾರಿಗೆ ಆಲೂಗಡ್ಡೆ ಸುಟ್ಟುಹೋದ ವರ್ಷ ಬ್ಯಾಂಕಿನವರೇ ಕರೆದು, ಬಡ್ಡಿಯಲ್ಲಿ ಒಂದಷ್ಟು ಬಿಟ್ಟು, ಒಂದೇ ಸಲಕ್ಕೆ ಕಟ್ಟಿಸಿಕೊಂಡು ಮುಗಿಸಿದ ಸಾಲವು ವರದಿಯಲ್ಲಿ ಪೂರ್ತಿ ತೀರಿದ ಸಾಲವೆಂದಲ್ಲದೆ ರಿಯಾಯಿತಿಯಿಂದ ಮುಗಿದುದೆಂದು ನಮೂದಾಗುತ್ತದೆಂಬುದನ್ನೂ, ಅದು ವರ್ಷಗಟ್ಟಲೆ ಹೊಸ ಸಾಲಕ್ಕೆ ಅಡ್ಡಬರುತ್ತದೆಂಬುದನ್ನೂ ಸಹಿ ಹಾಕುವ ಮುನ್ನ ರೈತನಿಗೆ ತಿಳಿಹೇಳದಿರುವುದು ಅನ್ಯಾಯವಲ್ಲವೇ? ನೆಂಟನಿಗೆಂದು ಹಾಕಿದ ಜಾಮೀನು, ಅವನು ಕಂತು ತಪ್ಪಿದರೆ ನಮ್ಮ ವರದಿಗೂ ಅಂಟುವುದೆಂಬುದನ್ನೂ ಯಾರೂ ತಿಳಿಹೇಳುವುದಿಲ್ಲ.

ವರ್ಷಕ್ಕೊಮ್ಮೆ ಪ್ರತಿಯೊಂದು ಸಂಸ್ಥೆಯಿಂದಲೂ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕನ್ನು 2017ರಿಂದ ರಿಸರ್ವ್ ಬ್ಯಾಂಕು ನಮಗೆ ದಯಪಾಲಿಸಿದೆ. ತಪ್ಪಿನ ಬಗೆಗಿನ ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂಬ ನಿಯಮವೂ 2024ರಿಂದ ಜಾರಿಯಲ್ಲಿದೆ. ಇವನ್ನರಿಯದವರನ್ನು "ಸಿಬಿಲ್ ಸರಿಮಾಡಿಸಿಕೊಡುತ್ತೇವೆ" ಎಂದು ನಂಬಿಸಿ ಹಣ ಕೀಳುವ ಮಧ್ಯವರ್ತಿಗಳು ಪೇಟೆಯಲ್ಲಿ ಹುಟ್ಟಿಕೊಂಡಿರುವುದು ನಮಗೆ ಅತೀವ ವ್ಯಥೆಯನ್ನುಂಟುಮಾಡಿದೆ.

ಆದಕಾರಣ, ಪ್ರತಿವರ್ಷ ಬಿತ್ತನೆಗೆ ಮುಂಚೆ, ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ, ಆರ್ಥಿಕ ಸಾಕ್ಷರತಾ ಕೇಂದ್ರದವರು ಗ್ರಾಮ ಪಂಚಾಯಿತಿಗೆ ಬಂದು, ಕೇಳಿದವರಿಗೆ ಅವರವರ ವರದಿಯನ್ನು ತೆಗೆದುಕೊಟ್ಟು, ಅನ್ಯರ ಕಿವಿಗೆ ಬೀಳದಂತೆ ಕನ್ನಡದಲ್ಲಿ ವಿವರಿಸುವ ಏರ್ಪಾಡಾಗಬೇಕು. ನಮ್ಮೂರ ಬೂಚೇಶ್ವರ ದೇವಾಲಯದಲ್ಲಿ ಹೊಯ್ಸಳರ ಕಾಲದ ದಾನದತ್ತಿಗಳ ವಿವರವೇ ಊರವರ ನುಡಿಯಲ್ಲಿ ಕಲ್ಲಿನ ಮೇಲಿರುವಾಗ, ಇಂದಿನ ರೈತನ ಋಣದ ಲೆಕ್ಕ ಅವನಿಗೇ ಅರ್ಥವಾಗದಿರುವುದು ತರವಲ್ಲ. ಸಾಲ ನಿರಾಕರಿಸಿದರೆ ಕಾರಣವನ್ನು, ಯಾವ ಸಂಸ್ಥೆಯ ವರದಿಯ ಯಾವ ನಮೂದೆಂಬುದರ ಸಮೇತ, ಬರಹದಲ್ಲಿಯೇ ಕೊಡಬೇಕು. ರಿಯಾಯಿತಿಯ ಒಪ್ಪಂದಕ್ಕೂ ಜಾಮೀನಿಗೂ ಸಹಿ ಪಡೆಯುವ ಮುನ್ನ ಅದರ ಪರಿಣಾಮವನ್ನು ಓದಿಹೇಳಿ, ಅದರ ಒಂದು ಪ್ರತಿಯನ್ನು ಸಹಿ ಮಾಡಿದವರ ಕೈಗೆ ಕೊಡಬೇಕು. ತೀರುವಳಿ ಪತ್ರವಿದ್ದೂ ವರದಿಯಲ್ಲಿ ಸಾಲ ಬಾಕಿಯೆಂದು ತೋರುವ ಪ್ರಕರಣಗಳನ್ನು ಸಮಿತಿಯ ಪ್ರತಿ ಸಭೆಯಲ್ಲಿಯೂ ಶಾಖಾವಾರು ಪರಿಶೀಲಿಸಬೇಕೆಂದೂ, ಮೊದಲ ಶಿಬಿರವನ್ನು ಬರುವ ಬಿತ್ತನೆಗೆ ಮುನ್ನವೇ ಕೊರವಂಗಲದಲ್ಲಿ ಏರ್ಪಡಿಸಬೇಕೆಂದೂ ಪ್ರಾರ್ಥಿಸುತ್ತೇವೆ.

ಇಂತು ತಮ್ಮ ವಿಧೇಯರು,
ಕೊರವಂಗಲದ ಗ್ರಾಮಸ್ಥರು