ಒಂದು ರಾತ್ರಿ ಬಿಲ್ ಕೌಂಟರಿಗೆ ಬನ್ನಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಾನು ವಕೀಲ. ಜಿಲ್ಲೆಯ ಸಣ್ಣಪುಟ್ಟ ನರ್ಸಿಂಗ್ ಹೋಮ್‌ಗಳಿಗೆ ಕಾನೂನು ಸಲಹೆ ಕೊಡುವುದು ನನ್ನ ಕಸುಬು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ನೋಂದಣಿ, ಆಸ್ಪತ್ರೆ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಸ್ಕ್ಯಾನಿಂಗ್ ಇದ್ದರೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ‘ಎಫ್’ ನಮೂನೆ, ಇವುಗಳಲ್ಲೇ ನನ್ನ ದಿನ ಕಳೆಯುತ್ತದೆ. ಎಫ್ ನಮೂನೆಯಲ್ಲಿ ಒಂದು ಕಲಂ ಖಾಲಿ ಬಿಟ್ಟರೂ ಆ ಕಾಯ್ದೆಯ ಉಲ್ಲಂಘನೆಯೆಂದೇ ಲೆಕ್ಕ. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ವೈದ್ಯರು ಗೊಣಗುತ್ತಾರೆ. ಹೆಣ್ಣು ಭ್ರೂಣ ಕಾಣೆಯಾಗುವುದು ಆ ಖಾಲಿ ಕಲಮಿನಲ್ಲೇ ಎಂದು ನಾನು ಪ್ರತಿಸಲವೂ ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ನಾನು ಸಲಹೆ ಕೊಡುವ ಆಸ್ಪತ್ರೆಯೊಂದರ ಬಿಲ್ ಕೌಂಟರಿನ ಹುಡುಗ. “ಸಾರ್, ಪೇಷಂಟ್ ತೀರಿಕೊಂಡ್ರು. ಒಂದೂವರೆ ಲಕ್ಷ ಬಾಕಿ ಇದೆ. ಬಾಡಿ ಕೊಡಬಹುದಾ?” ಮೊದಲು ಕೊಟ್ಟು ಕಳಿಸು, ಬಾಕಿಯ ಮಾತು ಆಮೇಲೆ ಎಂದೆ. ಅಷ್ಟರಲ್ಲಿ ತೀರಿಕೊಂಡವರ ಹೆಂಡತಿ ಬಟ್ಟೆಯ ಚೀಲ ಹಿಡಿದು ನಾಲ್ಕು ಗಂಟೆ ಮೆಟ್ಟಿಲ ಮೇಲೆ ಕೂತಿದ್ದರಂತೆ.

ಬಾಕಿಗಾಗಿ ಶವ ತಡೆಯುವಂತಿಲ್ಲ ಎಂದು ಕೆಪಿಎಂಇ ಕಾಯ್ದೆಯ 2017ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಹುಡುಗನಿಗೆ ನಿಜಕ್ಕೂ ಗೊತ್ತಿರಲಿಲ್ಲ. ರೋಗಿಗಳ ಸನ್ನದು ಅವನ ಬೆನ್ನ ಹಿಂದಿನ ಗೋಡೆಯಲ್ಲೇ ಇತ್ತು. ಅದಕ್ಕೆ ಚೌಕಟ್ಟು ಹಾಕಿಸಿ ಎಂದವನು ನಾನು; ಸಿಬ್ಬಂದಿಗೆ ಓದಿಸಿ ಎಂದಿರಲಿಲ್ಲ. ಆ ತಪ್ಪು ನನ್ನದು.

ಈ ಕಾಯ್ದೆಯಡಿ ತಾವು ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರದ ಹೆಸರಿನಲ್ಲಿ ನೋಂದಣಿಯೂ ಇದೆ, ಕುಂದುಕೊರತೆ ಪರಿಹಾರವೂ ಇದೆ. ನೋಂದಣಿಯ ಕಡತ ಓಡಾಡುತ್ತದೆ. ತಪಾಸಣಾ ತಂಡ ಬೆಳಿಗ್ಗೆ ಹನ್ನೊಂದಕ್ಕೆ ಬಂದು ಪ್ರಮಾಣಪತ್ರ, ದರಪಟ್ಟಿ ನೋಡಿ ಹೋಗುತ್ತದೆ. ಆದರೆ ತಮ್ಮ ಬಳಿ ದೂರು ಕೊಡಬಹುದು ಎಂದು ತಿಳಿದಿದ್ದ ಒಬ್ಬ ರೋಗಿಯನ್ನೂ ನಾನು ಈವರೆಗೆ ಕಂಡಿಲ್ಲ. ಅವರು ಪೊಲೀಸ್ ಠಾಣೆಗೆ ಹೋಗುತ್ತಾರೆ, ಇಲ್ಲವೇ ಸಾಲ ಮಾಡಿ ಬಿಲ್ ಕಟ್ಟಿ ಸುಮ್ಮನಾಗುತ್ತಾರೆ.

ದಯವಿಟ್ಟು ತಂಡವನ್ನು ಒಮ್ಮೆ ರಾತ್ರಿ ಪಾಳಿಯಲ್ಲಿ ಕಳಿಸಿ. ಸಾಧ್ಯವಾದರೆ ತಾವೇ ಬನ್ನಿ. ಕಡತ ಕೇಳಬೇಡಿ. ಅಪಘಾತದ ಗಾಯಾಳು ಬಂದರೆ ಮುಂಗಡ ಕೇಳುತ್ತೀಯಾ, ವಿವರವಾದ ಬಿಲ್ ಕೊಡುತ್ತೀಯಾ, ಶವ ತಡೆಯುತ್ತೀಯಾ ಎಂದು ಕೌಂಟರಿನವರನ್ನು ಕೇಳಿ. ಉತ್ತರ ತಪ್ಪಾದರೆ, ಕಾಗದಪತ್ರ ಎಷ್ಟೇ ಚೊಕ್ಕವಾಗಿರಲಿ, ಆ ಆಸ್ಪತ್ರೆ ಕಾನೂನು ಪಾಲಿಸಿದೆ ಎಂದು ಬರೆಯಬೇಡಿ. ಪ್ರಾಧಿಕಾರದ ಫೋನ್ ನಂಬರನ್ನು ಕೌಂಟರಿನ ಮುಂದೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ. ತಿಂಗಳಿಗೊಂದು ದಿನ ಗೊತ್ತುಮಾಡಿ ದೂರು ಕೇಳಿ.

ಇಪ್ಪತ್ತು ಹಾಸಿಗೆಯ ಆಸ್ಪತ್ರೆ ನಡೆಸುವವರಿಗೆ ಮುಳುಗಿದ ಬಾಕಿ ಎಷ್ಟು ಭಾರವೆಂದು ಬಲ್ಲೆ. ಅವರ ಲೆಕ್ಕಪುಸ್ತಕ ನೋಡಿದವನು ನಾನು. ಕಾನೂನು ಆ ಬಾಕಿಯನ್ನು ಮನ್ನಾ ಮಾಡಿಲ್ಲ. ಶವವನ್ನು ಒತ್ತೆ ಇಟ್ಟುಕೊಂಡು ವಸೂಲಿ ಮಾಡಬೇಡ ಎಂದಿದೆ, ಅಷ್ಟೇ.

ಆ ಆಸ್ಪತ್ರೆಯ ರಾತ್ರಿ ಪಾಳಿಯವರನ್ನು ತಿಂಗಳಿಗೊಮ್ಮೆ ಕೂರಿಸಿಕೊಂಡು ಈಗ ನಾನೇ ಸನ್ನದು ಓದಿ ಹೇಳುತ್ತಿದ್ದೇನೆ. ಉಳಿದ ಆಸ್ಪತ್ರೆಗಳಿಗೆ ತಮ್ಮ ಆದೇಶ ಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಕೀಲ